ಲಗ್ರೇಂಜ್ ಬೀದಿಯ ಬಾಕಿ

ಮೂರನೇ ಸಲ ಬಂದಿದ್ದೇನೆ, ಪಾವ್ಲಾಕ್ ಅವರೇ.
ಮೊದಲ ಸಲ ಬಾಗಿಲಿಗೆ ನಿಮ್ಮ ನಾಯಿ ಬಂತು,
ಎರಡನೇ ಸಲ ಮಗಳು,
ಹೇರ್‌ಪಿನ್ನು ಹಲ್ಲಲ್ಲಿ ಕಚ್ಚಿಕೊಂಡೇ
‘ಅಪ್ಪ ಸೂರಿನ ಮೇಲಿದ್ದಾರೆ’ ಅಂದಳು.
ಯಾರ ಸೂರು, ನಾನು ಕೇಳಲಿಲ್ಲ.
ಸೂರು ಹೊದಿಸುವವರು ನೀವು,
ಇಡೀ ಟೊಲೀಡೊ ನಿಮಗೆ ಅಡಗಲು ಸೂರೇ.

ಫೈಲು ಹೇಳುತ್ತದೆ:
ಕಾರ್ಮಿಕರ ಪರಿಹಾರ ವಿಮೆ, ಮೂರು ಕಂತು ಬಾಕಿ,
ದಂಡ, ದಂಡದ ಮೇಲೆ ಬಡ್ಡಿ,
ನಾಲ್ಕು ಸಾವಿರದ ಇನ್ನೂರ ಹನ್ನೊಂದು ಡಾಲರು
ಚಿಲ್ಲರೆ ಅರವತ್ತು ಸೆಂಟು.
ಕೆಲಸಗಾರರು: ಇಬ್ಬರು.
ಮೆಟ್ಟಿಲ ಮೇಲೆ ಹಿಮ ಒದರಿ ಬಿಟ್ಟ ಬೂಟು: ಐದು ಜೊತೆ.
ಎಣಿಸಲಿಲ್ಲ ಅಂದುಕೊಳ್ಳಿ.
ಕಣ್ಣಿನ ಚಾಳಿ ಅದು,
ಹದಿನೇಳು ವರ್ಷ ಸರ್ಕಾರ ಸಂಬಳ ಕೊಟ್ಟು ಸಾಕಿದ್ದು.

ನಾವು ಚಿಕ್ಕವರಿದ್ದಾಗ ನಮ್ಮ ಓಣಿಗೆ
ಒಂದು ದೆವ್ವದ ಸುದ್ದಿ ಬಂದಿತ್ತು.
ನಡುರಾತ್ರಿ ಗುರುತಿನವರ ದನಿಯಲ್ಲಿ ಕರೆಯುತ್ತದಂತೆ,
ಓಗೊಟ್ಟರೆ ನೆತ್ತರು ಕಾರಿ ಸಾವಂತೆ.
ಅದಕ್ಕೇ ಕದಕದದ ಮೇಲೂ ಸುಣ್ಣದಲ್ಲಿ
‘ನಾಳೆ ಬಾ’.
ಓದಿಕೊಂಡು ಹಿಂತಿರುಗುತ್ತಿತ್ತು, ಪಾಪ,
ಅಕ್ಷರಸ್ಥ ದೆವ್ವ.
ಮರುರಾತ್ರಿಯೂ ಅದೇ ಎರಡು ಪದ, ಅದೇ ವಿಧೇಯತೆ.

ನಿಮಗೆ ಕನ್ನಡ ಬಾರದು.
ಆದರೂ ಅದನ್ನೇ ಬರೆದಿದ್ದೀರಿ ಈ ಚೆಕ್ಕಿನ ಮೇಲೆ,
ಮುಂದಿನ ತಿಂಗಳ ತಾರೀಖು ಹಾಕಿ.

ಇವತ್ತು ಒಳಗೆ ಕರೆದಿರಿ. ಕಾಫಿ.
ತಟ್ಟೆಯಲ್ಲಿ ಜಾಮು ತುಂಬಿ ಕರಿದ ಉಂಡೆ, ನಿಮ್ಮ ಅಜ್ಜಿಯ ಕಡೆಯದು.
‘ಚಳಿಗಾಲ ಮೇಡಂ, ಕೆಲಸ ಎಲ್ಲಿದೆ?’
ಎನ್ನುತ್ತಿದ್ದಂತೆ ನೆಲಮಾಳಿಗೆಯಿಂದ ಐದು ಜನರ ನಗು.
ಇಬ್ಬರೂ ಕೇಳಿಸಿಕೊಂಡೆವು.
ಇಬ್ಬರೂ ಕಾಫಿ ಕುಡಿದೆವು.
ಆಗ ಕಂಡಿತು: ನಿಮ್ಮ ಎಡಗೈಯ ಎರಡು ಬೆರಳು
ಕಪ್ಪನ್ನು ಹಿಡಿಯುವುದಿಲ್ಲ, ಸುಮ್ಮನೆ ಒರಗಿಕೊಂಡಿವೆ.
ನಿಮ್ಮ ಪಾಲಿಗೂ ಒಬ್ಬರು ಕಟ್ಟಬೇಕಿತ್ತು,
ಎಂದೋ, ಯಾವುದೋ ಸೂರಿನ ಕಾಲಕ್ಕೆ.
ಕಟ್ಟಿದ್ದರೋ?
ಕೇಳಲಿಲ್ಲ ಅದನ್ನೂ. ಉಂಡೆ ತಿಂದೆ.
ಸಕ್ಕರೆ ಪುಡಿ ಫೈಲಿನ ಮೇಲೆ ಉದುರಿತು.

ಎಂಟು ಕಂತು ಮಾಡಿಕೊಡುತ್ತೇನೆ.
ದಂಡ ಮಾಫಿಗೆ ಬರೆಯುತ್ತೇನೆ, ಆಗುತ್ತದೋ ಇಲ್ಲವೋ.
ಉಳಿದ ಮೂರು ಜೊತೆಗೂ ಹೆಸರು ಕೊಡಿ.
ಮೊದಲ ಚೆಕ್ಕಿಗೆ ಮಾತ್ರ ಇವತ್ತಿನ ತಾರೀಖೇ ಬೇಕು.
ನಾನೇನೋ ಓದು ಬಲ್ಲ ದೆವ್ವ,
ನಾಳೆ ಎಂದರೆ ನಾಳೆ ಬಂದೇನು.
ಏಣಿಗೆ ಓದು ಬರುವುದಿಲ್ಲ, ಪಾವ್ಲಾಕ್ ಅವರೇ.

ನೀವು ಪೆನ್ನು ಹುಡುಕುವ ನೆವದಲ್ಲಿ
ಕಿಟಕಿಯಾಚೆ ನೋಡಿದಿರಿ.
ಮೆಟ್ಟಿಲ ಮೇಲೆ ಒಬ್ಬ ಹುಡುಗ, ಇಪ್ಪತ್ತೂ ಇರಲಾರದು,
ಒಂದೇ ಕಾಲಲ್ಲಿ ನಿಂತು
ಹಿಮ ಹೊಕ್ಕ ಬೂಟನ್ನು ಬೋರಲು ಹಾಕಿ ತಟ್ಟುತ್ತಿದ್ದ.