ಕೆಂಚಾಂಬೆ ಕೃಪೆ

ಬಿಸಿಲು ಏರೋ ಮುಂಚೆ ತೊಳಿ, ಮುನಾವರ,
ಟಾಪಿಂದ ಕೆಳಕ್ಕೆ.
ಎರಡು ಬಕೆಟ್ಟು: ಒಂದು ನೊರೆಗೆ, ಒಂದು ಬಟ್ಟೆಯ ಪಾಪಕ್ಕೆ.
ಸಾಲಗಾಮೆ ರಸ್ತೆ ಧೂಳು
ಒಣಬಟ್ಟೆಗೆ ಸಿಕ್ಕರೆ ಉಪ್ಪುಕಾಗದವೇ.

ಡಿಕ್ಕಿ ಮೇಲಿನ ಸ್ಟಿಕ್ಕರ್ ಕಿತ್ತಾಯ್ತು.
ಅಕ್ಷರ ಹೋಗಲಿಲ್ಲ.
ಹನ್ನೆರಡು ವರ್ಷದ ಬಿಸಿಲು ಕಾರನ್ನೆಲ್ಲ
ಹಳೇ ಇಟ್ಟಿಗೆ ಮಾಡಿದೆ;
ಹೆಸರಿನ ಅಡಿಯಲ್ಲಷ್ಟೇ
ಶೋರೂಮಿನ ಕೆಂಪು.

‘ಅಳಿಸಿಕೊಡಿ’ ಅಂತಾರೆ, ಕೊಂಡ ಧರಣೇಂದ್ರಯ್ಯ.
ಅಕ್ಷರ ಉಜ್ಜಿದರೆ ಇನ್ನೂ ಮಿನುಗುತ್ತೆ, ಸ್ವಾಮಿ.
ಸುತ್ತಲಿಂದನ್ನ ಉಜ್ಜಬೇಕು.

ಕಾಂಪೌಂಡು, ಬಫಿಂಗ್ ಚಕ್ರ, ಕಡಿಮೆ ಸ್ಪೀಡು.
ಹೊಳಪು ಹಚ್ಚೋದಲ್ಲ, ಹೆರೆಯೋದು.
ಕೂದಲೆಳೆಗಿಂತ ತೆಳು ಈ ಪದರ, ಜೋಪಾನ.

ಮಧ್ಯಾಹ್ನ ಮೂರಕ್ಕೆ ‘ಕೃಪೆ’ ಕಾಣೆ.
ನಾಲ್ಕೂವರೆಗೆ ‘ಕೆಂಚಾಂಬೆ’.
ಎಲ್ಲಿ ಹೋದಳು ಅಂದ ಮುನಾವರ.

ಬಾನೆಟ್ಟಿಂದ ಬಂಪರ್ ತನಕ
ನೋಡೋ.