ಕ್ರಾವಡಿ ಮುಗಿದ ದಿನ

ಮೂರನೇ ಫಾರಮಿಗೇ ಕ್ರಾವಡಿ ಮುಗಿಯಿತು.
ಗ್ರಹ, ಗ್ರಹ, ಗ್ರಹ, ಉಪಗ್ರಹ
ಪುಟಕ್ಕೆ ಇಪ್ಪತ್ತು ಸಲ ಬರೆದರೆ
ಎಲ್ಲಿಂದ ತರಲಿ ಅಚ್ಚುಮೊಳೆ?
ಮದುವೆ ಕಾಗದ, ತಿಥಿ ಕಾಗದ, ಸೊಸೈಟಿ ರಸೀತಿ,
ಇಷ್ಟಕ್ಕೇ ಹೊಂದಿಸಿಕೊಂಡ ಪ್ರೆಸ್ಸು ನಮ್ಮದು,
ಮಂಡ್ಯದ ಪೇಟೆ ಬೀದಿಯ ನಿಮಿಷಾಂಬ ಪ್ರೆಸ್ಸು.
'ಶ್ರೀ' ಇಡಿಯಾಗಿ ಒಂದೇ ಮೊಳೆ, ಖಾನೆ ತುಂಬ ಇತ್ತು.
ಆಕಾಶಕ್ಕೆ ಅಂತ ಯಾರು ಇಟ್ಟಿರುತ್ತಾರೆ?

ಸಂಜೆ ಪಾಳಿ ಮುಗಿಸಿ ಮರಿಜವರಯ್ಯ ಬಂದರು,
ಸಕ್ಕರೆ ಕಾರ್ಖಾನೆಯ ತೂಕದ ಮನೆ ಗುಮಾಸ್ತರು,
ಅಂಗಿತೋಳಿಗೆ ಕಾಕಂಬಿಯ ವಾಸನೆ.
ಹೇಳಿದೆ. ಬೈಯಲಿಲ್ಲ.
ಹಸ್ತಪ್ರತಿ ಈಸಿಕೊಂಡು, ನಿಂತಲ್ಲೇ,
ಉಳಿದ ಗ್ರಹಗಳನ್ನೆಲ್ಲ ಹೊಡೆದು
'ಊರು' ಎಂದು ತಿದ್ದಿದರು.

ಹಾಗಾಗಿ ಇಪ್ಪತ್ತನಾಲ್ಕನೇ ಪುಟದ ತನಕ
ಮಂಗಳ ಒಂದು ಗ್ರಹ,
ಆಚೆಗೆ ಒಂದು ಊರು.
ಶನಿ, ಬಳೆ ತೊಟ್ಟ ಊರು.
ಊರಿಂದೂರಿಗೆ ಹೊರಟವರು ಬುತ್ತಿ ಕಟ್ಟುತ್ತಾರೆ,
ಇಳಿದದ್ದೇ ತಡ ಕೇಳುತ್ತಾರೆ,
ಇಲ್ಲಿ ನೀರು ಯಾವ ಕಡೆ?

ಬರೆಯುತ್ತಿದ್ದದ್ದು ರದ್ದಾದ ತೂಕದ ಚೀಟಿಗಳ ಬೆನ್ನಿಗೆ.
ಮುಂದೆ, ಗಾಡಿ ನಂಬರು, ತುಂಬಿದ ತೂಕ, ಬರಿಗಾಡಿ ತೂಕ, ನಿವ್ವಳ.
ಹಿಂದೆ, ಆ ಬೆಳಕು ಇಲ್ಲಿ ಮುಟ್ಟಲು ನಾಲ್ಕು ವರ್ಷ.
ಕೈ ತಪ್ಪಿ ಚೀಟಿ ಮಗುಚಿಕೊಂಡರೆ
ಕಬ್ಬಿನ ಗಾಡಿಯೊಂದು ನಕ್ಷತ್ರಗಳ ನಡುವೆ
ಬಂದು ನಿಂತುಬಿಡುತ್ತಿತ್ತು, ನನ್ನ ಗ್ಯಾಲಿಯಲ್ಲಿ.

ಸರದಿಯಲ್ಲಿ ಕಾದವರಿಗೆ ಲೆಕ್ಕ ಹೇಳುತ್ತಿದ್ದರಂತೆ:
ಎರಡು ಟನ್ನು ಕಬ್ಬು ಚಂದ್ರನ ಮೇಲೆ
ಆರರಲ್ಲೊಂದು ಪಾಲು ತೂಗುತ್ತೆ.
"ಹಂಗಾರೆ ಅಲ್ಲಿ ಕಾರ್ಖಾನೆಯೋನು ಉದ್ಧಾರ,
ಬೆಳ್ದೋನು ಕೆಟ್ಟ" ಅಂದನಂತೆ ಹುಲಿವಾನದ ಚನ್ನಿಗ.
ಅದೇ ಎರಡನೇ ಕಾದಂಬರಿ.
ಚನ್ನಿಗನೇ ನಾಯಕ. ತಲೆಗೆ ಗಾಜಿನ ಬುರುಡೆ,
ಸೊಂಟಕ್ಕೆ ಅದೇ ಹಳೇ ಕುಡುಗೋಲು.

ಒಂದು ಮೊಳೆ ನಾನು ತಪ್ಪಿದ್ದೆ.
'ಸಾವಿರ ವರ್ಷದ ದಾರಿ' ಇರಬೇಕಾದಲ್ಲಿ
'ಸಾವಿನ ವರ್ಷದ ದಾರಿ.'
ಕರಡು ನೋಡುತ್ತ ಅಲ್ಲಿ ಅವರ ಪೆನ್ಸಿಲು ನಿಂತಿತು.
ಹೊರಗೆ ಯಾರದೋ ಟಾಂಗಾ ಕುದುರೆ
ಕಲ್ಲಿಗೆ ಕಾಲು ಕೆರೆಯುತ್ತಿತ್ತು.
"ಇರ್ಲಿ ಬುಡು" ಅಂದರು.
ಅವರು ಹೋದ ಮೇಲೆ ನೆನಪಾಯಿತು,
ಪುಟ್ಟನಿಂಗಮ್ಮನವರ ತಿಥಿ ಕಾಗದ
ಹಿಂದಿನ ಆಷಾಢದಲ್ಲಿ ಜೋಡಿಸಿದ ಕೈ
ಇದೇ.

ಐನೂರು ಪ್ರತಿ. ಹೋದದ್ದು ನಲವತ್ತೊಂದು.
ಲೈಬ್ರರಿಯವರು ಜ್ಯೋತಿಷ್ಯದ ಬೀರುವಿನಲ್ಲಿಟ್ಟರು.
ಮಗಳಿಗೆ ಗುರುಬಲ ಹುಡುಕಿಕೊಂಡು
ಎರವಲು ಒಯ್ದ ಮೇಷ್ಟರೊಬ್ಬರು
ಎರಡು ತಿಂಗಳು ಇಟ್ಟುಕೊಂಡು
ದಂಡ ಕಟ್ಟಿ ವಾಪಸು ಕೊಟ್ಟರು, ಮಾತಾಡದೆ.
ಮರಿಜವರಯ್ಯನವರಿಗೆ ಬಂದ ವಿಮರ್ಶೆ ಅದೊಂದೇ.
ದಂಡ ಎಷ್ಟಾಯಿತೆಂದು ವಿಚಾರಿಸಿಕೊಂಡು ಬಂದಿದ್ದರು.

ಆಫ್‌ಸೆಟ್ ಬಂತು. ಮೊಳೆಗಳನ್ನು ಗುಜರಿಗೆ ಹಾಕುವ ದಿನ
ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತರು.
ಕ, ಖ, ಗ, ಒತ್ತು, ದೀರ್ಘ, ಎಲ್ಲ ಒಂದೇ ಗೋಣಿಗೆ.
ತಕ್ಕಡಿ ಮುಳ್ಳು ನೋಡಿ "ಕಾಲು ಕಿಲೋ ಮೋಸ" ಅಂದರು.
ಗುಜರಿ ಸಾಬಣ್ಣ ನಕ್ಕು, ಕಲ್ಲು ಬದಲಿಸಿದ.

ಈಗ ನನ್ನ ಬಳಿ ಉಳಿದದ್ದು ಅಚ್ಚಾಗದ ಒಂದು ಕಟ್ಟು.
ಗ್ರಹ ಎಂಬ ಮಾತು ಹುಡುಕಿದೆ. ಒಂದೂ ಇಲ್ಲ.
ಯಾರೂ ಹೇಳದೆ, ಯಾವ ಮೊಳೆಯೂ ಸಾಲದೆ ಬರದೆ,
ಉದ್ದಕ್ಕೂ ಊರು, ಊರು.
ಕೊನೇ ಚೀಟಿಯಲ್ಲಿ ಅರ್ಧ ವಾಕ್ಯ,
'ಇಳಿದು ನೋಡಿದರೆ ಇಲ್ಲೂ ಯಾರೋ ಆಗಲೇ ದೀಪ'

ಮಗುಚಿದೆ.
ಗಾಡಿ ನಂಬರು ಇದೆ. ತುಂಬಿದ ತೂಕ ಇದೆ.
ಬರಿಗಾಡಿ ತೂಕ ಬರೆದಿಲ್ಲ.
ಇಳಿಸಲು ಒಳಗೆ ಹೋದದ್ದು
ಇನ್ನೂ ಹಿಂದಿರುಗಿರಲಿಲ್ಲ.