ಉಪ್ಪಿನ ಕೋಠಿಯಾಗ ಹುಲ್ಲು

ಮೊದಲ ಇಲ್ಲಿ ಉಪ್ಪು ಇಡತಿದ್ರಂತ,
ಆಗರವಾಡ್ಯಾದಿಂದ ದೋಣಿ ತುಂಬ ಬರತಿತ್ತಂತ
ಕಾಯ್ತಾನ ಸಾವಕಾರನ ಅಜ್ಜನ ಕಾಲಕ್ಕ.
ಉಪ್ಪು ಹೋಗಿ ಅರವತ್ತು ವರ್ಷ ಆದ್ರೂ
ಜಂಬಿಟ್ಟಿಗಿ ಗೋಡಿ ಅದನ್ನ ಮರತಿಲ್ಲ.
ಗೋವಾದ ಮೊದಲ ಮೋಡ ಕವಿದ್ರ ಸಾಕು,
ಬಾಣಂತಿ ಹಣಿ ಹಂಗ ಬೆವರತೈತಿ.

ಅಂಥಾದ್ರಾಗ ಹುಲ್ಲು ಒಟ್ಟಿದ್ವಿ.
ಹಳಿಯಾಳದ ಲಾರಿ, ನಾನೂರಾ ಹನ್ನೆರಡು ಪೆಂಡಿ,
ಅನಮೋಡ ಘಟ್ಟದಾಗ ಒಂದು ಅಡ್ಡಮಳಿ ಹೊಡದಿತ್ತು.
ಕೆಳಗ ಬಂದರಿನ ಹಳೇ ಹಲಗಿ ಹಾಸಿ
ಗೋಡಿಗೆ ಒಂದು ಮೊಳ ಬಿಟ್ಟು.
'ಹಂಚು ಅದಾವ, ಬಾಗಲಾ ಐತಿ, ಮತ್ತೇನು ಬೇಕು?'
ಅಂದ ಸಾವಕಾರ.
ಎಮ್ಮಿ ಹನ್ನೊಂದು. ಪಂಚಮಿ ತನಾ ಸಾಕು.

ನಾ ಶಿರಹಟ್ಟಿ ಕಡಿಯಾಕಿ.
ನಮ್ಮಲ್ಲಿ ಹುಲ್ಲಿಗೆ ಮನಿ ಕಟ್ಟಂಗಿಲ್ಲ.
ಬಯಲಾಗ ಬಣಿವಿ ಒಟ್ಟತೀವಿ, ನೆತ್ತಿ ಚೂಪು ಮಾಡಿ.
ಮಳಿ ಬಂದ್ರ ಮ್ಯಾಲಿನ ಮೈ ಅಷ್ಟಽ ಕರ್ರಗ,
ಒಳಗ ಕೈ ಹಾಕಿದ್ರ
ಸುಗ್ಗಿ ಬಿಸಲು ಹಂಗಽ ಇರತೈತಿ.

ಹೇಳಬೇಕು ಅಂದ್ಕೊಂಡೆ. ಹೇಳಲಿಲ್ಲ.
ಬಂದು ಎಂಟು ದಿನದ ಆಳು.

ಆರಿದ್ರಿ ಮಳ್ಯಾಗ ಒಂದು ರಾತ್ರಿ ವಾಸನಿ ಬಂತು.
ಕೆಟ್ಟ ವಾಸನಿ ಅಲ್ಲ, ಅದಕ್ಕಽ ಹೆದರಿಕಿ.
ಬೆಲ್ಲ ಕಾಸಿದಂಗ, ತಂಬಾಕದ ಚೀಲ ಬಿಚ್ಚಿದಂಗ.
ಮೊಳಕೈ ತನಾ ಕೈ ಹಾಕಿದೆ: ಬೆಚ್ಚಗ.
ಭುಜದ ತನಾ ಹಾಕಿದೆ:
ನನ್ನ ಮಡಿವಾಳಿಗೆ ಜ್ವರ ಬಂದಾಗ
ಕಂಕುಳು ಹಿಂಗಽ ಸುಡತಿತ್ತು.
ತಾಮ್ರದ ಬಳಿ ಕಾಯ್ದು ಕೈ ಹಿಂದ ತಗದೆ.

ತೊಯ್ದದ್ದಕ್ಕ ಬೆಂಕಿ ಹತ್ತತೈತಿ ಅಂದ್ರ ಯಾರು ನಂಬತಾರ?
ಸಾವಕಾರ ನಂಬಲಿಲ್ಲ
ತಾನೂ ಕೈ ಹಾಕೂತನಾ.

ನಸಕು ಹರಿಯೂತನಾ ಹೊರಗ ಎಳದು ಒಗದ್ವಿ,
ನಾನು, ಅವ, ಅವನ ತಾಯಿ ಎರ್ಮೆಲಿಂಡಾಬಾಯಿ ಸೈತ,
ಎಂಬತ್ತರ ಮುದಿಕಿ, ಸೀರಿ ಕಚ್ಚಿ ಹಾಕಿ.
ನಡುವಿನ ಪೆಂಡಿ ಇದ್ದಲಿಯಂಗ ಕರ್ರಗ,
ಮಳಿ ಬಿದ್ದಲ್ಲಿ ಚುಂಯ್ ಅಂತ ಉಗಿ.
ಯಾರೂ ಮಾತಾಡಲಿಲ್ಲ.

ಉಳದದ್ದು ನೂರಾ ನಲವತ್ತು.
ಹಂದರದಾಗ ಹರವಿ, ತಿರುವಿ, ಆರಿಸಿ,
ಒಂದಿನ ಮಳಿ ಹೊಳವು ಕೊಟ್ಟಾಗ
ಗೇರುಗಿಡದ ದಿಬ್ಬದ ಮ್ಯಾಲೆ ಬಣಿವಿ ಒಟ್ಟಿದೆ.
ಅವರು ಎತ್ತಿ ಕೊಟ್ರು, ನಾ ಮ್ಯಾಲೆ ನಿಂತು ತುಳದೆ.
ಭತ್ತದ ಹುಲ್ಲು ನನಗ ರೂಢಿಲ್ಲ,
ಒಂದು ಕಡಿ ವಾಲೇತಿ.
ನಿಂತೈತಿ.

'ಕೋಠಿ ಖಾಲಿ ಆತಲ್ಲ, ನೀನಽ ಇರು' ಅಂತಾನ ಸಾವಕಾರ,
'ಹಂಚು ಅದಾವ, ಬಾಗಲಾ ಐತಿ.'
ಇನ್ನೂ ಹೂಂ ಅಂದಿಲ್ಲ.
ಬಾಗಲಾ ತೆರದು ಎಮ್ಮಿ ಬಿಡತೀನಿ ಒಳಗ,
ಹನ್ನೊಂದೂ ಸಾಲಾಗಿ ನಿಂತು
ಗೋಡಿ ನೆಕ್ಕತಾವ.